ವಿಂಡೋಸ್ 10 ನಿಂತ ಮೇಲೆ: ತುಮಕೂರಿನ ರೆಕಾರ್ಡಿಂಗ್ ರೂಮುಗಳಿಗೆ ಲಿನಕ್ಸ್ ಆಗುತ್ತಾ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ಬರುವುದು ಅಂದಿಗೆ ನಿಂತಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಇನ್ನೊಂದು ವರ್ಷದ ಗಡುವು, ಅಷ್ಟೇ. ಹೋಗಲಿ, ವಿಂಡೋಸ್ 11 ಹಾಕಿಕೊಳ್ಳೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನದ್ದಾದರೂ ಇರಬೇಕು. 2015, 2016ರಲ್ಲಿ ಕೊಂಡು ಇವತ್ತಿಗೂ ಚೆನ್ನಾಗಿ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಈ ಪರೀಕ್ಷೆಯಲ್ಲೇ ಫೇಲ್.

ಬಿಲ್ ಟೈಪ್ ಮಾಡುವ ಆಫೀಸಿಗೆ ಇದು ಒಂದು ಥರದ ತಲೆನೋವು. ಹಾಡು ರೆಕಾರ್ಡ್ ಮಾಡುವವರಿಗೆ ಬೇರೆ ಥರದ್ದು. ತುಮಕೂರಿನ ಬಿ.ಎಚ್. ರಸ್ತೆಯ ಅಕ್ಕಪಕ್ಕ ಇರಲಿ, ಗುಬ್ಬಿ, ತಿಪಟೂರು, ಮಧುಗಿರಿ ಇರಲಿ, ಅಂಗಡಿ ಮೇಲಿನ ಒಂದು ರೂಮಿನ ಗೋಡೆಗೆ ಫೋಮ್ ಹೊಡೆದು ನಡೆಸುವ ಸಣ್ಣ ಸ್ಟುಡಿಯೋಗಳ ಲೆಕ್ಕಾಚಾರವೇ ಬೇರೆ. ಊರಹಬ್ಬಕ್ಕೆ ದೇವರ ಹಾಡು, ಎಲೆಕ್ಷನ್ ಬಂದರೆ ಆಟೋ ಪ್ರಚಾರದ ದನಿ, ಪೌರಾಣಿಕ ನಾಟಕದವರ ರಂಗಗೀತೆ, ಭಜನೆ ತಂಡದ ತತ್ವಪದ. ಅವರ ಬಂಡವಾಳ ಒಂದು ಹಳೇ ಕಂಪ್ಯೂಟರ್, ಎರಡು ಚಾನೆಲ್ಲಿನ ಆಡಿಯೋ ಇಂಟರ್‌ಫೇಸ್ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್. ಸಾಫ್ಟ್‌ವೇರ್ ಎಲ್ಲಿಂದ ಬಂತು ಅಂತ ಕೇಳಬೇಡಿ. ಯಾರೋ ಪೆನ್‌ಡ್ರೈವ್‌ನಲ್ಲಿ ತಂದು ಹಾಕಿಕೊಟ್ಟಿರುತ್ತಾರೆ.

ಇಂಥ ಕಡೆ ಈಗ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಹೆಸರು ಕೇಳಿಬರುತ್ತಿದೆ. ದುಡ್ಡು ಕೊಡಬೇಕಿಲ್ಲ, ಹಳೇ ಮೆಷಿನ್ನಿನಲ್ಲೂ ಓಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹಾಡು ಕೇಳುವುದಕ್ಕೆ, ಅದಕ್ಕಿಂತ ಮುಖ್ಯವಾಗಿ ರೆಕಾರ್ಡ್ ಮಾಡುವುದಕ್ಕೆ ಆಗುತ್ತಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೇಳುವುದಕ್ಕೆ ಕಣ್ಣುಮುಚ್ಚಿ ಹಾಕಿಕೊಳ್ಳಬಹುದು. ದನಿ, ಹಾರ್ಮೋನಿಯಂ, ತಬಲ ರೆಕಾರ್ಡಿಂಗಿಗೂ ಈಗ ಧೈರ್ಯವಾಗಿ ಬಳಸಬಹುದು. ತೊಡಕು ಉಳಿದಿರುವುದು ಪ್ಲಗಿನ್‌ಗಳಲ್ಲಿ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳುವ ಎಫೆಕ್ಟ್, ವಾದ್ಯಗಳ ಪುಟ್ಟ ಪ್ರೋಗ್ರಾಂಗಳು), ಬೆಂಗಳೂರಿನಿಂದ ಬರುವ ಪ್ರಾಜೆಕ್ಟ್ ಫೈಲುಗಳಲ್ಲಿ, ಕೆಟ್ಟರೆ ಯಾರನ್ನು ಕರೆಯೋದು ಅನ್ನುವ ಚಿಂತೆಯಲ್ಲಿ. ಧ್ವನಿಯ ಗುಣಮಟ್ಟಕ್ಕೂ ಈ ತೊಡಕಿಗೂ ಸಂಬಂಧವೇ ಇಲ್ಲ.

"ಲಿನಕ್ಸ್‌ನಲ್ಲಿ ಸೌಂಡೇ ಬರಲ್ಲ" ಅನ್ನುವ ಹಳೇ ಮಾತಿದೆಯಲ್ಲ, ಅದು ಸುಮ್ನೆ ಹುಟ್ಟಿದ್ದಲ್ಲ. ಮೊದಲು ಇದ್ದ ಓಎಸ್‌ಎಸ್ ಅನ್ನುವ ವ್ಯವಸ್ಥೆಯಲ್ಲಿ ಎಷ್ಟೋ ಸೌಂಡ್ ಕಾರ್ಡುಗಳನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಬಳಸಬಹುದಿತ್ತು. ಹಾಡು ಹಾಕಿದ್ದರೆ ಮಿಕ್ಕಿದ್ದೆಲ್ಲ ಮೂಕ. 1998ರಲ್ಲಿ ಜಾರೊಸ್ಲಾವ್ ಕೈಸೆಲಾ ಅನ್ನುವವರು ಆಲ್ಸಾ ಎಂಬ ಹೊಸ ವ್ಯವಸ್ಥೆ ಶುರು ಮಾಡಿದರು. ಲಿನಕ್ಸ್‌ನ ತಿರುಳಿಗೆ ಕರ್ನೆಲ್ ಅನ್ನುತ್ತಾರೆ; 2003ರ ಕೊನೆಗೆ ಬಂದ 2.6 ಕರ್ನೆಲ್‌ನಿಂದ ಅದೇ ಲಿನಕ್ಸ್‌ನ ಮುಖ್ಯ ಸೌಂಡ್ ಡ್ರೈವರ್ ವ್ಯವಸ್ಥೆಯಾಯಿತು. ಇವತ್ತಿಗೂ ತಳದಲ್ಲಿ ಕಾರ್ಡಿನ ಜತೆ ಮಾತಾಡುವುದು ಆಲ್ಸಾನೇ.

ಗೊಂದಲ ಆದದ್ದು ಅದರ ಮೇಲಿನ ಅಂತಸ್ತಿನಲ್ಲಿ. ಸಂಗೀತದವರಿಗೆ ತಡವಿಲ್ಲದ ಧ್ವನಿ ಬೇಕಿತ್ತು. ಅದಕ್ಕಾಗಿ ಪಾಲ್ ಡೇವಿಸ್ ಎಂಬ ಪ್ರೋಗ್ರಾಮರ್ ಜ್ಯಾಕ್ ಅನ್ನುವ ಸೌಂಡ್ ಸರ್ವರ್ (ಪ್ರೋಗ್ರಾಂಗಳ ಸದ್ದನ್ನು ಕಾರ್ಡಿಗೆ ಸಾಗಿಸುವ ವ್ಯವಸ್ಥೆ) ಬರೆದರು. ಈತ ಅಮೆಜಾನ್ ಕಂಪನಿಯ ಮೊಟ್ಟಮೊದಲ ಪ್ರೋಗ್ರಾಮರ್‌ಗಳಲ್ಲಿ ಒಬ್ಬ. ಅಲ್ಲಿಂದ ಹೊರಬಂದು ಜೀವನವನ್ನೆಲ್ಲ ಆಡಿಯೋ ಸಾಫ್ಟ್‌ವೇರ್‌ಗೆ ಕೊಟ್ಟವರು. ಆರ್ಡರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಕೂಡ ಅವರದ್ದೇ. ಇನ್ನೊಂದು ಕಡೆ, ಮನೆಬಳಕೆಯವರಿಗಾಗಿ ಲೆನಾರ್ಟ್ ಪಾಟರಿಂಗ್ 2004ರಲ್ಲಿ ಪಲ್ಸ್‌ಆಡಿಯೋ ಶುರು ಮಾಡಿದರು. ಬ್ರೌಸರ್, ಪ್ಲೇಯರ್, ಬ್ಲೂಟೂತ್ ಎಲ್ಲವನ್ನೂ ಒಟ್ಟಿಗೆ ಬೆರೆಸುವುದು ಅದರ ಕೆಲಸ. 2008ರಲ್ಲಿ ಲಿನಕ್ಸ್‌ನ ಜನಪ್ರಿಯ ಆವೃತ್ತಿ ಉಬುಂಟು ಅದನ್ನು ಹಸಿಬಿಸಿಯಾಗಿಯೇ ಸೇರಿಸಿಕೊಂಡಿತು. ಸದ್ದು ಒಡೆಯುವುದು, ನಿಲ್ಲುವುದು, ಹೆಡ್‌ಫೋನ್ ಹಾಕಿದರೂ ಸ್ಪೀಕರ್‌ನಲ್ಲೇ ಬರುವುದು, ಎಲ್ಲ ಆಯಿತು. ಲಿನಕ್ಸ್‌ನ ಕೆಟ್ಟ ಹೆಸರಿನಲ್ಲಿ ಅರ್ಧ ಪಾಲು ಆ ಎರಡು ಮೂರು ವರ್ಷಗಳದ್ದೇ.

ಜ್ಯಾಕ್ ಮತ್ತು ಪಲ್ಸ್‌ಆಡಿಯೋ ಒಂದೇ ಕಾರ್ಡಿಗೆ ಕಿತ್ತಾಡುತ್ತಿದ್ದವು. ರೆಕಾರ್ಡಿಂಗಿಗೆ ಜ್ಯಾಕ್ ಹಚ್ಚಿದರೆ ಬ್ರೌಸರ್‌ನ ಹಾಡು ಬಂದ್. ಗಾಯಕ "ಯೂಟ್ಯೂಬಲ್ಲಿ ಆ ಧಾಟಿ ಒಂದ್ಸಲ ಹಾಕಿ ಕೇಳ್ಸಣ್ಣ" ಅಂದರೆ ಎಲ್ಲ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ಆಗ ಯಾರಾದರೂ ಲಿನಕ್ಸ್ ಬಿಟ್ಟು ಓಡಿದ್ದರೆ ಅವರನ್ನು ದೂರಲಾಗದು.

ಈ ಜಗಳ ಬಿಡಿಸಿದ್ದು ಪೈಪ್‌ವೈರ್. ರೆಡ್‌ಹ್ಯಾಟ್ ಕಂಪನಿಯ ವಿಮ್ ಟೈಮನ್ಸ್ 2015ರ ಹೊತ್ತಿಗೆ ಇದರ ಕೆಲಸ ಶುರು ಮಾಡಿದರು. ಇದರ ಜಾಣತನ ಏನಪ್ಪಾ ಅಂದರೆ, ಹಳೇ ಎರಡರ ವೇಷವನ್ನೂ ಹಾಕುತ್ತದೆ. ಬ್ರೌಸರ್ ಬಂದರೆ ತಾನು ಪಲ್ಸ್‌ಆಡಿಯೋ ಅನ್ನುತ್ತದೆ, ಆರ್ಡರ್ ಬಂದರೆ ತಾನು ಜ್ಯಾಕ್ ಅನ್ನುತ್ತದೆ. ಹೀಗಾಗಿ ಯಾವ ಸಾಫ್ಟ್‌ವೇರನ್ನೂ ಹೊಸದಾಗಿ ಬರೆಯಬೇಕಾಗಲಿಲ್ಲ. 2021ರಲ್ಲಿ ಫೆಡೋರಾ 34, 2022ರ ಅಕ್ಟೋಬರ್‌ನಲ್ಲಿ ಉಬುಂಟು 22.10, 2024ರ ಜುಲೈನಲ್ಲಿ ಲಿನಕ್ಸ್ ಮಿಂಟ್ 22 ಇದನ್ನೇ ಮೂಲ ವ್ಯವಸ್ಥೆ ಮಾಡಿಕೊಂಡವು. 2023ರ ನವೆಂಬರ್‌ನಲ್ಲಿ ಪೈಪ್‌ವೈರ್‌ನ 1.0 ಆವೃತ್ತಿ ಬಂತು. 2024ರ ನವೆಂಬರ್‌ನಲ್ಲಿ ಬಂದ 6.12 ಕರ್ನೆಲ್‌ನಲ್ಲಿ ಇನ್ನೊಂದು ದೊಡ್ಡ ಕೆಲಸ ಮುಗಿಯಿತು. ಸುಮಾರು ಇಪ್ಪತ್ತು ವರ್ಷ ಹೊರಗಡೆ ಪ್ಯಾಚ್ ಆಗಿ ಉಳಿದಿದ್ದ ರಿಯಲ್‌ಟೈಮ್ ವ್ಯವಸ್ಥೆ ಮುಖ್ಯ ಕರ್ನೆಲ್‌ನೊಳಗೇ ಸೇರಿತು. ಯಂತ್ರಗಳ ನಿಯಂತ್ರಣಕ್ಕೂ ಅದು ಬೇಕು, ಸಂಗೀತಕ್ಕೂ ಬೇಕು. ಹೇಳಿದ ಕೆಲಸವನ್ನು ಹೇಳಿದ ಗಳಿಗೆಯೊಳಗೆ ಮುಗಿಸಬೇಕು ಅನ್ನುವ ಕಟ್ಟುಪಾಡು ಅದು.

ಹಾಡು ಕೇಳುವವರ ವಿಚಾರ ಬೇಗ ಮುಗಿಸಬಹುದು. ಎಂಪಿ3 ಪೇಟೆಂಟುಗಳ ಲೈಸೆನ್ಸ್ ವ್ಯವಹಾರ 2017ರಲ್ಲೇ ಮುಗಿಯಿತು, ಹಾಗಾಗಿ "ಕೋಡೆಕ್ (ಹಾಡಿನ ಫೈಲ್ ಬಿಡಿಸುವ ಪ್ರೋಗ್ರಾಂ) ಹಾಕಿಕೊಳ್ಳಿ" ಅನ್ನುವ ಹಳೇ ಕಾಟ ಈಗ ಬಹುಮಟ್ಟಿಗೆ ಇಲ್ಲ. ಸ್ಟ್ರಾಬೆರಿ, ರಿದಮ್‌ಬಾಕ್ಸ್, ವಿಎಲ್‌ಸಿ, ಪ್ಲೇಯರ್ ಯಾವುದಾದರೂ ಸರಿ. ಜಿಯೋಸಾವನ್ ಥರದವು ಬ್ರೌಸರ್‌ನಲ್ಲಿ ಓಡುತ್ತವೆ. ಸ್ಪಾಟಿಫೈಗೆ ಲಿನಕ್ಸ್ ಆ್ಯಪೇ ಇದೆ. ಆ್ಯಪಲ್ ಮ್ಯೂಸಿಕ್‌ನವರು ಮಾತ್ರ ಲಿನಕ್ಸ್‌ಗೆ ಪ್ರತ್ಯೇಕ ಆ್ಯಪ್ ಕೊಟ್ಟಿಲ್ಲ, ಬ್ರೌಸರ್ ದಾರಿಯೇ ಗತಿ.

ಕಿವಿ ಚುರುಕಿರುವವರಿಗೆ ಒಂದು ಮಾತು. ಸಿ.ಡಿ.ಯಲ್ಲಿರುವ ಧ್ವನಿ ಸೆಕೆಂಡಿಗೆ 44,100 ಸ್ಯಾಂಪಲ್ಲಿನದ್ದು, ಅಂದರೆ ಸೆಕೆಂಡಿಗೆ ಅಷ್ಟು ಸಲ ಅಳೆದದ್ದು. ಪೈಪ್‌ವೈರ್ ಸುಮ್ಮನೆ ಬಿಟ್ಟರೆ ಎಲ್ಲವನ್ನೂ 48,000ಕ್ಕೆ ಬದಲಾಯಿಸಿ ನುಡಿಸುತ್ತದೆ. ಈ ಬದಲಾವಣೆಯನ್ನು ಅದು ಚೆನ್ನಾಗಿಯೇ ಮಾಡುತ್ತದೆ, ನನಗಂತೂ ವ್ಯತ್ಯಾಸ ಕೇಳಿಸುವುದಿಲ್ಲ. ಆದರೂ ಮೂಲದಲ್ಲಿದ್ದ ಹಾಗೇ ಬೇಕು ಅನ್ನುವವರು ಸೆಟ್ಟಿಂಗ್ ಫೈಲಿನಲ್ಲಿ ಒಪ್ಪಿತ ದರಗಳ ಸಾಲಿಗೆ 44100 ಅಂತ ಸೇರಿಸಿದರೆ, ಕಾರ್ಡ್ ಒಪ್ಪಿದರೆ ಹಾಗೇ ನುಡಿಸುತ್ತದೆ. ಬ್ಲೂಟೂತ್‌ನಲ್ಲಿ ಎಲ್‌ಡಿಎಸಿ, ಆಪ್ಟ್‌ಎಕ್ಸ್ ಕೋಡೆಕ್‌ಗಳಿಗೂ ಬೆಂಬಲ ಇದೆ. ಅದೇ ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಆನ್ ಮಾಡಿದರೆ ಮಾತ್ರ ಹಾಡು ಫೋನ್ ಕಾಲಿನ ಮಟ್ಟಕ್ಕೆ ಇಳಿಯುತ್ತದೆ. ಅದು ಬ್ಲೂಟೂತ್‌ನ ಹಣೆಬರಹ, ವಿಂಡೋಸ್‌ನಲ್ಲೂ ಕಾಣುವ ಕಾಯಿಲೆ.

ನಮ್ಮ ಕಡೆಯವರಿಗೆ ನಿಜವಾಗಿ ಅನುಕೂಲ ಆಗುವುದು ಹೆಸರುಗಳ ವಿಷಯದಲ್ಲಿ. ಚಿಂತಾಮಣಿ ತಾಲ್ಲೂಕಿನ ಕೈವಾರ ನಾರೇಯಣ ತಾತಯ್ಯನವರ ಪದಗಳು ಕನ್ನಡದಲ್ಲೂ ಇವೆ, ತೆಲುಗಿನಲ್ಲೂ ಇವೆ. ಭಜನೆ ಮನೆಯ ಹತ್ತಿರ ಇರುವ ಎಂಪಿ3 ಸಂಗ್ರಹ ತೆಗೆದು ನೋಡಿದರೆ 'ಟ್ರ್ಯಾಕ್ 01', 'ಟ್ರ್ಯಾಕ್ 02', ಇಲ್ಲವೇ ಹಳೇ ನುಡಿ ಫಾಂಟಿನಲ್ಲಿ ಹೊಡೆದು ಈಗ ಓದಲಾಗದ ಗೀಚು. ಪಿಕಾರ್ಡ್, ಈಸಿಟ್ಯಾಗ್ ಥರದ ಉಚಿತ ಸಾಧನಗಳಲ್ಲಿ ಪಲ್ಲವಿ, ರಾಗ, ಹಾಡಿದವರ ಹೆಸರು ಎಲ್ಲವನ್ನೂ ಯೂನಿಕೋಡ್‌ನಲ್ಲಿ ಕನ್ನಡ, ತೆಲುಗು ಎರಡರಲ್ಲೂ ಹಾಕಬಹುದು. ನುಡಿ ಕೀಲಿಮಣೆಯ ಅಭ್ಯಾಸ ಇರುವವರು ಲಿನಕ್ಸ್‌ನ ಟೈಪಿಂಗ್ ಸಾಧನ ಐಬಸ್‌ನಲ್ಲಿ ಕೆಜಿಪಿ ವಿನ್ಯಾಸ ಆರಿಸಿಕೊಂಡರೆ ಬೆರಳಿಗೆ ಹೊಸ ಪಾಠ ಬೇಕಾಗಿಲ್ಲ.

ಇನ್ನು ರೆಕಾರ್ಡಿಂಗ್. ಹಾರ್ಮೋನಿಯಂ ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ಶ್ರುತಿ ಹಿಡಿದು ಕಂದಪದ್ಯ ಎತ್ತಿದರು. ಎರಡನೇ ಸಾಲಿಗೇ ನಿಲ್ಲಿಸಿದರು.

"ಏನಪ್ಪಾ ಇದು, ನಾನು ಹಾಡೋದೇ ಒಂದು ಕಡೆ, ಕಿವಿಗೆ ಬರೋದೇ ಒಂದು ಕಡೆ. ತಾಳ ಹೆಂಗೆ ಹಿಡೀಲಿ?"

"ಒಂದ್ ನಿಮಿಷ ಮೇಷ್ಟ್ರೇ, ಬಫರ್ ಕಮ್ಮಿ ಮಾಡ್ತೀನಿ."

ಈ ಬಫರ್ ಅನ್ನುವುದು ಸೀಟು ತುಂಬಿದ ಮೇಲೇ ಹೊರಡುವ ಪ್ರೈವೇಟ್ ಬಸ್ಸಿನ ಥರ. ಕಂಪ್ಯೂಟರ್ ಧ್ವನಿಯನ್ನು ಸ್ಯಾಂಪಲ್ ಸ್ಯಾಂಪಲ್ಲಾಗಿ ಕಳಿಸುವುದಿಲ್ಲ, ಒಂದು ಕಂತು ತುಂಬಿದ ಮೇಲೆ ಕಳಿಸುತ್ತದೆ. ಬಸ್ ದೊಡ್ಡದಾದಷ್ಟೂ ಮೊದಲು ಹತ್ತಿದವನು ಕಾಯುವುದು ಜಾಸ್ತಿ. ಚಿಕ್ಕದಾದರೆ ಬೇಗ ಹೊರಡುತ್ತದೆ, ಆದರೆ ಟ್ರಿಪ್ ಜಾಸ್ತಿಯಾಗಿ ಡ್ರೈವರ್‌ಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಒಂದು ಟ್ರಿಪ್ ತಪ್ಪಿದರೂ ರೆಕಾರ್ಡಿಂಗಿನಲ್ಲಿ 'ಟಿಕ್' ಅಂತ ಕೂರುತ್ತದೆ. ಇದಕ್ಕೆ ಎಕ್ಸ್‌ರನ್ ಅನ್ನುತ್ತಾರೆ.

ಲೆಕ್ಕ ಸರಳ. ಪೈಪ್‌ವೈರ್‌ನ ಮಾಮೂಲಿ ಬಫರ್ 1024 ಸ್ಯಾಂಪಲ್. 48,000ರ ದರದಲ್ಲಿ ಅದು 21 ಮಿಲಿಸೆಕೆಂಡ್. ಒಳಗೆ ಬರಲು ಒಂದು ಸಲ, ಹೊರಗೆ ಹೋಗಲು ಒಂದು ಸಲ ಅಂದರೆ 42ರ ಮೇಲಾಯಿತು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಮೇಷ್ಟ್ರಿಗೆ ತಮ್ಮ ದನಿ ಹೆಚ್ಚುಕಮ್ಮಿ 15 ಮೀಟರ್ ಆಚೆಯಿಂದ ಬಂದ ಹಾಗೆ ಕೇಳಿಸುತ್ತಿದೆ. ಅದನ್ನೇ 128ಕ್ಕೆ ಇಳಿಸಿದರೆ ಒಂದು ದಾರಿಗೆ 2.7 ಮಿಲಿಸೆಕೆಂಡ್, ಹೋಗಿಬರುವುದಕ್ಕೆ 5ರ ಆಸುಪಾಸು. ಇಂಟರ್‌ಫೇಸಿನ ಒಳಗಿನ ತಡ ಇನ್ನಷ್ಟು ಸೇರುತ್ತದೆ. ಆದರೂ ಪಕ್ಕದಲ್ಲೇ ಕೂತ ತಬಲದವರ ದೂರಕ್ಕೆ ಬಂತು. ಆಗ ಯಾರಿಗೂ ತೊಂದರೆ ಕಾಣುವುದಿಲ್ಲ.

ಹಳೇ ಲ್ಯಾಪ್‌ಟಾಪ್ ಈ ಚಿಕ್ಕ ಬಫರ್ ತಡೆಯುತ್ತದಾ? ಎರಡು ಚಾನೆಲ್ಲಿಗೆ ಸಾಮಾನ್ಯವಾಗಿ ತಡೆಯುತ್ತದೆ, ಪ್ರೊಸೆಸರನ್ನು ಪರ್ಫಾರ್ಮೆನ್ಸ್ ಮೋಡ್‌ಗೆ ಹಾಕಿ, ವೈಫೈ ಆಫ್ ಮಾಡಿ, ಬಳಕೆದಾರರಿಗೆ ರಿಯಲ್‌ಟೈಮ್ ಅನುಮತಿ ಕೊಟ್ಟಿದ್ದರೆ. ಈ ಅನುಮತಿಯ ಕೆಲಸವೇ ಹೊಸಬರು ಎಡವುವ ಜಾಗ. ಉಬುಂಟು ಸ್ಟುಡಿಯೋ, ಫೆಡೋರಾ ಜ್ಯಾಮ್, ಎವಿ ಲಿನಕ್ಸ್ ಥರದ ಸಂಗೀತಕ್ಕೆಂದೇ ಮಾಡಿದ ಆವೃತ್ತಿಗಳಲ್ಲಿ ಇದೆಲ್ಲ ಮೊದಲೇ ಆಗಿರುತ್ತದೆ. ಸುಮ್ನೆ ಅವನ್ನೇ ಹಾಕಿಕೊಳ್ಳಿ ಅನ್ನುವುದು ನನ್ನ ಸಲಹೆ. ಅದೂ ಬೇಡ ಅಂದರೆ, ಇಂಟರ್‌ಫೇಸಿನಲ್ಲೇ ಇರುವ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ. ಗಾಯಕರ ದನಿ ಕಂಪ್ಯೂಟರಿಗೆ ಹೋಗದೆಯೇ ಅವರ ಕಿವಿಗೆ ಬರುತ್ತದೆ. ತಡದ ಪ್ರಶ್ನೆಯೇ ಇಲ್ಲ. ಎಷ್ಟೋ ಜನ ವರ್ಷಗಟ್ಟಲೆ ಆ ಗುಂಡಿಯನ್ನು ಮುಟ್ಟೇ ಇರುವುದಿಲ್ಲ.

ಇಂಟರ್‌ಫೇಸ್ ಕೊಳ್ಳುವಾಗ ಕೇಳಬೇಕಾದ ಮಾತು ಒಂದೇ: ಇದು ಯುಎಸ್‌ಬಿ ಕ್ಲಾಸ್ ಕಂಪ್ಲಯಂಟ್ ಹೌದಾ? ಹೌದಾದರೆ ಡ್ರೈವರ್ ಹುಡುಕುವ ಕೆಲಸ ಇಲ್ಲ, ಚುಚ್ಚಿದರೆ ಸಾಕು. ಬೆಹ್ರಿಂಗರ್‌ನ ಯುಎಂಸಿ ಸಾಲಿನವು, ಫೋಕಸ್‌ರೈಟ್ ಸ್ಕಾರ್ಲೆಟ್ ಸಾಲಿನವು ಹೀಗೇ ಓಡುತ್ತವೆ. ಸ್ಕಾರ್ಲೆಟ್‌ಗಳಿಗೆ ಜೆಫ್ರಿ ಬೆನೆಟ್ ಅನ್ನುವವರು ಕರ್ನೆಲ್‌ನೊಳಗೇ ಬೆಂಬಲ ಬರೆದಿದ್ದಾರೆ, ಜತೆಗೆ ಒಂದು ಕಂಟ್ರೋಲ್ ಪ್ಯಾನೆಲನ್ನೂ ಮಾಡಿದ್ದಾರೆ. ಹೊಸ ಸ್ಕಾರ್ಲೆಟ್ ಮೊದಲ ಸಲ ಚುಚ್ಚಿದಾಗ ಪೆನ್‌ಡ್ರೈವ್ ಥರ ಕಾಣಿಸಬಹುದು, ಗಾಬರಿ ಬೇಡ. ಅದು ಕಂಪನಿಯವರ ಸ್ವಾಗತ ಮೋಡ್. ಆ ಪ್ಯಾನೆಲ್‌ನಲ್ಲೇ ಅದನ್ನು ಆಫ್ ಮಾಡಬಹುದು. ಥಂಡರ್‌ಬೋಲ್ಟ್ ಕೇಬಲಿನ ದುಬಾರಿ ಇಂಟರ್‌ಫೇಸ್‌ಗಳ ವಿಷಯದಲ್ಲಿ ಮಾತ್ರ ಕೊಳ್ಳುವ ಮೊದಲೇ ವಿಚಾರಿಸಿ. ಯೂನಿವರ್ಸಲ್ ಆಡಿಯೋದ ಅಪೋಲೋಗೆ ಕಂಪನಿ ಲಿನಕ್ಸ್ ಡ್ರೈವರ್ ಕೊಟ್ಟೇ ಇಲ್ಲ.

ಈಗ ಸ್ಟುಡಿಯೋ ಬಿಟ್ಟು ಊರಿಗೆ ಹೋಗೋಣ. ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಆ ಗುಂಗು ಈ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ. ಜಾತ್ರೆಯಾಯಿತು, ಸುಗ್ಗಿ ಮುಗಿಯಿತು ಅಂದರೆ ಊರೂರಲ್ಲಿ ಕುರುಕ್ಷೇತ್ರ ನಾಟಕ. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಜಾವದವರೆಗೆ. ಇದನ್ನು ಪೂರ್ತಿ ರೆಕಾರ್ಡ್ ಮಾಡಿಕೊಡಿ ಅನ್ನುವವರು ಇದ್ದೇ ಇರುತ್ತಾರೆ. ಮಿಕ್ಸರ್‌ನಿಂದ ಎರಡು ವೈರ್ ಎಳೆದು ಲ್ಯಾಪ್‌ಟಾಪ್‌ಗೆ ಕೊಟ್ಟರೆ ಆಯಿತಲ್ಲ ಅನ್ನಿಸುತ್ತದೆ. ಇಲ್ಲೊಂದು ತೊಡಕಿದೆ.

ರೆಕಾರ್ಡಿಂಗ್ ಉಳಿಸುವ ವೇವ್ (.wav) ಫೈಲಿನ ತಲೆಬರಹದಲ್ಲಿ ಅಳತೆ ಬರೆಯಲು ಇರುವುದು 32 ಬಿಟ್ ಜಾಗ. ಹಾಗಾಗಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 24 ಬಿಟ್, 48,000 ದರ, ಸ್ಟೀರಿಯೋ ಅಂದರೆ ಸೆಕೆಂಡಿಗೆ 2,88,000 ಬೈಟ್. ಭಾಗಿಸಿ ನೋಡಿ, 4 ಗಂಟೆ 8 ನಿಮಿಷಕ್ಕೆ ಭರ್ತಿ. ರಾತ್ರಿ ಹತ್ತಕ್ಕೆ ಗುಂಡಿ ಒತ್ತಿದರೆ ನಡುರಾತ್ರಿ ದಾಟಿ ಎರಡು ಗಂಟೆ ಎಂಟು ನಿಮಿಷಕ್ಕೆ, ನಾಟಕ ರಂಗೇರುವ ಹೊತ್ತಿಗೆ, ಫೈಲ್ ಮುಗಿಯುತ್ತದೆ. ಕೆಲವು ಸಾಫ್ಟ್‌ವೇರ್ ನಿಂತುಬಿಡುತ್ತವೆ. ಕೆಲವು ಬರೆಯುತ್ತಲೇ ಹೋಗಿ, ಬೆಳಿಗ್ಗೆ ಸರಿಯಾಗಿ ತೆರೆಯದ ಫೈಲ್ ಕೊಡುತ್ತವೆ. ಲಿನಕ್ಸ್ ಆದರೂ ಇದೇ, ವಿಂಡೋಸ್ ಆದರೂ ಇದೇ. ಆರ್ಡರ್‌ನಲ್ಲಿ ಫೈಲ್ ಬಗೆಯನ್ನು ಆರ್‌ಎಫ್64 ಅಂತ ಆರಿಸಿಕೊಂಡರೆ ಈ ಮಿತಿ ಇಲ್ಲ. ನೇರವಾಗಿ ಫ್ಲ್ಯಾಕ್‌ಗೂ ರೆಕಾರ್ಡ್ ಮಾಡಬಹುದು. ಫ್ಲ್ಯಾಕ್ 2001ರಿಂದ ಇರುವ ಮುಕ್ತ ಫಾರ್ಮ್ಯಾಟ್. ಧ್ವನಿಯ ಒಂದು ಕಣವನ್ನೂ ಬಿಡದೆ ಫೈಲನ್ನು ಚಿಕ್ಕದು ಮಾಡುತ್ತದೆ. ಪೆನ್‌ಡ್ರೈವ್‌ನಲ್ಲಿ ಕೊಡುವಾಗಲೂ ಎಚ್ಚರ ಬೇಕು. ಅದು ಫ್ಯಾಟ್32 ಅನ್ನುವ ಹಳೇ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಅಲ್ಲೂ ಅದೇ 4 ಜಿಬಿ ಗೋಡೆ.

ಸ್ಟೇಜಿನಲ್ಲಿ ಇನ್ನೊಂದು ಕಾಟ 'ಗುಂಯ್' ಅನ್ನುವ ಸದ್ದು. ಇದಕ್ಕೆ ಲಿನಕ್ಸನ್ನು ಬೈಯುವವರನ್ನು ನೋಡಿದ್ದೇನೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಸದ್ದು ನಿಂತರೆ ತಪ್ಪು ಚಾರ್ಜರ್‌ದು ಇಲ್ಲವೇ ಕರೆಂಟಿನ ಅರ್ತಿಂಗ್‌ದು. ಹಾಗೇ ತಮಟೆ ರೆಕಾರ್ಡಿಂಗ್. ಪಕ್ಕದ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದಾದ ಮೇಲೆ ತಮಟೆಯನ್ನು ಶ್ರದ್ಧೆಯಿಂದ ರೆಕಾರ್ಡ್ ಮಾಡಬೇಕು ಅನ್ನುವವರ ಮಾತು ಹೆಚ್ಚು ಕಿವಿಗೆ ಬೀಳುತ್ತದೆ. ತಮಟೆಯ ಪೆಟ್ಟು ಕ್ಷಣಾರ್ಧದಲ್ಲಿ ಎಷ್ಟು ಮೇಲೇರುತ್ತದೆ ಅಂದರೆ, ಮೀಟರ್ ನೋಡಿ ಸರಿಯಿದೆ ಅಂದುಕೊಂಡ ಮಟ್ಟದಲ್ಲೂ ಒಡೆದಿರುತ್ತದೆ. 24 ಬಿಟ್‌ನಲ್ಲಿ ಜಾಗ ಧಾರಾಳ ಇದೆ, ಅತಿ ದೊಡ್ಡ ಪೆಟ್ಟು ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಗೇನ್ (ಮೈಕಿನ ಮಟ್ಟ) ಇಳಿಸಿ ಇಟ್ಟುಕೊಳ್ಳುವುದು ಲೇಸು. ಒಡೆದ ಸದ್ದನ್ನು ಸರಿಮಾಡುವ ಸಾಫ್ಟ್‌ವೇರ್ ಯಾವ ಓಎಸ್‌ನಲ್ಲೂ ಇಲ್ಲ. ಇದ್ದೇ ಇದೆ ಅನ್ನುವವರು ಒಡೆದದ್ದನ್ನು ಮುಚ್ಚುತ್ತಾರೆ, ಅಷ್ಟೇ.

ಇಷ್ಟೆಲ್ಲ ಸರಿಯಿದ್ದರೂ ಜನ ಯಾಕೆ ಬರುತ್ತಿಲ್ಲ? ಇಲ್ಲಿಂದ ಮುಂದೆ ಲಿನಕ್ಸ್ ಪ್ರೇಮಿಗಳು ಸಾಮಾನ್ಯವಾಗಿ ಮಾತು ಮರೆಸುತ್ತಾರೆ. ಸ್ಟುಡಿಯೋದವರ ರೆಕಾರ್ಡಿಂಗ್ ಸಾಫ್ಟ್‌ವೇರ್ ಕ್ಯೂಬೇಸ್ ಲಿನಕ್ಸ್‌ಗೆ ಇಲ್ಲ. ಎಫ್‌ಎಲ್ ಸ್ಟುಡಿಯೋ ಇಲ್ಲ. ವೇವ್ಸ್ ಪ್ಲಗಿನ್‌ಗಳು ಇಲ್ಲ, ಶ್ರುತಿ ತಿದ್ದುವ ಆಂಟಾರೆಸ್‌ನ ಆಟೋಟ್ಯೂನ್ ಇಲ್ಲ, ಎಷ್ಟೋ ಪ್ಲಗಿನ್‌ಗಳ ಲೈಸೆನ್ಸ್ ನಿಂತಿರುವ ಐಲಾಕ್ ಕೂಡ ಇಲ್ಲ. ತಬಲ, ಕೊಳಲು, ವೀಣೆಯ ಸ್ಯಾಂಪಲ್ ಲೈಬ್ರರಿಗಳಲ್ಲಿ ಹೆಚ್ಚಿನವು ಓಡುವುದು ಕಾಂಟಾಕ್ಟ್ ಅನ್ನುವ ಪ್ಲಗಿನ್ ಮೇಲೆ, ಅದಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಯಾಬ್ರಿಡ್ಜ್ ಅನ್ನುವ ಸೇತುವೆ ಬಳಸಿ ಕೆಲವು ವಿಂಡೋಸ್ ಪ್ಲಗಿನ್‌ಗಳನ್ನು ಓಡಿಸಬಹುದು. ಓಡಿದರೆ ಪುಣ್ಯ. ಗಿರಾಕಿ ಎದುರಿಗೆ ಕೂತಿರುವಾಗ ಈ ಪುಣ್ಯದ ಮೇಲೆ ಭರವಸೆ ಇಡಲಾಗದು.

ಬೆಂಗಳೂರಿನ ಮ್ಯೂಸಿಕ್ ಡೈರೆಕ್ಟರ್ ಕ್ಯೂಬೇಸ್ ಪ್ರಾಜೆಕ್ಟನ್ನೇ ಕಳಿಸಿ ಅದರಲ್ಲೇ ವಾಪಸ್ ಬೇಕು ಅನ್ನುವ ಕೆಲಸವೇ ನಿಮ್ಮ ಅನ್ನ ಆಗಿದ್ದರೆ ಬದಲಾಯಿಸಲು ಹೋಗಬೇಡಿ. ನಮ್ಮ ಕಡೆ ಎಷ್ಟು ಸ್ಟುಡಿಯೋಗಳ ಕೆಲಸ ಹಾಗಿದೆ ಅನ್ನುವುದು ಬೇರೆ ಮಾತು. ದೇವರ ಹಾಡಿನ ರೆಕಾರ್ಡಿಂಗಿಗೆ ಕೀಬೋರ್ಡಿನವರು ತಮ್ಮ ಕೀಬೋರ್ಡ್ ಹೊತ್ತು ತರುತ್ತಾರೆ, ರಿದಮ್ ಪ್ಯಾಡಿನವರು ಪ್ಯಾಡ್ ತರುತ್ತಾರೆ. ಟೋನ್‌ಗಳೆಲ್ಲ ಆ ಪೆಟ್ಟಿಗೆಗಳ ಒಳಗೇ ಇರುತ್ತವೆ. ಕಂಪ್ಯೂಟರ್ ಮಾಡಬೇಕಾದದ್ದು ಬಂದ ಧ್ವನಿಯನ್ನು ಹಿಡಿದು, ಈಕ್ಯೂ, ಕಂಪ್ರೆಸರ್, ರಿವರ್ಬ್ ಥರದ ಎಫೆಕ್ಟ್ ಹಾಕಿ ಹೊರಕೊಡುವುದು. ಅದಕ್ಕೆ ಎಲ್‌ಎಸ್‌ಪಿ, ಕಾಲ್ಫ್, ಎಕ್ಸ್42 ಹೆಸರಿನ ಉಚಿತ ಪ್ಲಗಿನ್‌ಗಳು ಧಾರಾಳ ಸಾಕು. ಎಕ್ಸ್42ನಲ್ಲಿ ಶ್ರುತಿ ತಿದ್ದುವ ಪ್ಲಗಿನ್ ಕೂಡ ಇದೆ. ಗಮಕ (ಸ್ವರದ ಓಲಾಟ) ಇರುವ ಹಾಡಿಗೆ ಅದನ್ನು ಪೂರ್ತಿ ತಿರುಗಿಸಿದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ಪೂರ್ತಿ ಮುಕ್ತ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರೇ ಆಗಬೇಕು ಅನ್ನುವ ಮಡಿ ಕೂಡ ಬೇಕಿಲ್ಲ. ರೀಪರ್ ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಂ ಮುಕ್ತ ಸಾಫ್ಟ್‌ವೇರ್ ಅಲ್ಲ, ಆದರೆ ಲಿನಕ್ಸ್‌ನಲ್ಲಿ ಸಲೀಸಾಗಿ ಓಡುತ್ತದೆ. ಸಣ್ಣವರಿಗೆ 60 ಡಾಲರ್ ಲೈಸೆನ್ಸ್, 60 ದಿನ ಉಚಿತವಾಗಿ ನೋಡಬಹುದು. ಹಾಡು ಕಟ್ಟುವ ಬಿಟ್‌ವಿಗ್ ಇದೆ, ಪಿಯಾನೋ ಸದ್ದಿನ ಪಿಯಾನೊಟೆಕ್ ಇದೆ. 2025ರ ಅಕ್ಟೋಬರ್‌ನಲ್ಲಿ ಸ್ಟೈನ್‌ಬರ್ಗ್ ಕಂಪನಿ ತನ್ನ ವಿಎಸ್‌ಟಿ3 ಪ್ಲಗಿನ್ ವ್ಯವಸ್ಥೆಯನ್ನು ಎಂಐಟಿ ಅನ್ನುವ ಮುಕ್ತ ಲೈಸೆನ್ಸ್‌ಗೆ ತಂದಿತು. ಲೈಸೆನ್ಸ್ ತಕರಾರಿಲ್ಲದೆ ಯಾರು ಬೇಕಾದರೂ ಪ್ಲಗಿನ್ ಬರೆಯಬಹುದು. ಕ್ಯೂಬೇಸ್‌ನ ಕಂಪನಿಯೇ ಈ ಬಾಗಿಲು ತೆಗೆದಿದೆ ಅನ್ನುವುದು ಸಣ್ಣ ಮಾತಲ್ಲ.

ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಬೀಗ ಒಡೆದು ಕದ್ದ, ಸಾಫ್ಟ್‌ವೇರ್ ಬಗ್ಗೆ ಸುತ್ತಿ ಬಳಸಿ ಮಾತಾಡುವುದು ಬೇಡ. ಲಿನಕ್ಸ್‌ನ ನಿಜವಾದ ಎದುರಾಳಿ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ವಿಂಡೋಸ್ ಅಲ್ಲ, ಪೆನ್‌ಡ್ರೈವ್‌ನಲ್ಲಿ ಬರುವ ಪುಕ್ಕಟೆ ವಿಂಡೋಸ್ ಮತ್ತು ಪುಕ್ಕಟೆ ಕ್ಯೂಬೇಸ್. ಎರಡೂ ಪುಕ್ಕಟೆ ಆದಾಗ ಗೊತ್ತಿರುವುದನ್ನೇ ಜನ ಆರಿಸುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದರೆ ಏಳು ದಿನದಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಸಣ್ಣ ಸ್ಟುಡಿಯೋದವರು ಇದಕ್ಕೆ ಹೆದರುವುದಿಲ್ಲ ಅನ್ನುವುದು ನನಗೂ ಗೊತ್ತು. ಆದರೆ ಕ್ರ್ಯಾಕ್ ಹಾಕಲು ಸಾಮಾನ್ಯವಾಗಿ ಆ್ಯಂಟಿವೈರಸ್ ಆಫ್ ಮಾಡಬೇಕು, ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟೂ ಇಲ್ಲ. ಆ ಮೆಷಿನ್ನಿಗೆ ಗಿರಾಕಿಗಳ ಪೆನ್‌ಡ್ರೈವ್ ದಿನಾ ಚುಚ್ಚುತ್ತೀರಿ. ಹತ್ತು ವರ್ಷದ ಹಾಡುಗಳು ಅದೇ ಹಾರ್ಡ್‌ಡಿಸ್ಕಿನಲ್ಲಿರುತ್ತವೆ.

ರಿಪೇರಿಯವರ ಪ್ರಶ್ನೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಸರ್ವೀಸ್ ಅಂಗಡಿಗೆ ಲ್ಯಾಪ್‌ಟಾಪ್ ಒಯ್ದರೆ ಹುಡುಗ ಮೊದಲು ಕೇಳುವುದೇ "ವಿಂಡೋಸ್ ಹಾಕಿಕೊಡ್ಲಾ ಸಾರ್" ಅಂತ. ಲಿನಕ್ಸ್ ಇದೆ ಅಂದರೆ ಪಕ್ಕಕ್ಕೆ ಇಡುತ್ತಾನೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಎರಡು ದಶಕದ ಹತ್ತಿರ ಲಿನಕ್ಸ್ ಓಡುತ್ತಿದೆ. ಅಲ್ಲಿ ಅದನ್ನು ಶಾಲೆಯಲ್ಲೇ ಮುಟ್ಟಿ ಬೆಳೆದ ಮಕ್ಕಳಿದ್ದಾರೆ. ನಮ್ಮಲ್ಲಿ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಲಿನಕ್ಸ್ ಇದ್ದರೂ ಅದು ಪರೀಕ್ಷೆಗೆ ಮಾತ್ರ. ತುಮಕೂರಿನಲ್ಲಿ ಇಂಥ ಹುಡುಗ ಹುಡುಗಿಯರಿಗೆ ಬರವಿಲ್ಲ. ಅವರಿಗೂ ಹಾರ್ಮೋನಿಯಂ ಮೇಷ್ಟ್ರಿಗೂ ಪರಿಚಯ ಇಲ್ಲ, ಅದು ಕೊರತೆ. ಸ್ಟುಡಿಯೋದವರು ಮೂರು ನಾಲ್ಕು ಜನ ಸೇರಿ ಇಂಥ ಒಬ್ಬರನ್ನು ಹಿಡಿದು, ಎಲ್ಲರೂ ಒಂದೇ ಆವೃತ್ತಿ ಹಾಕಿಸಿಕೊಂಡರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಒಬ್ಬೊಬ್ಬರು ಒಂದೊಂದು ಲಿನಕ್ಸ್ ಹಾಕಿಕೊಂಡರೆ ಕೆಟ್ಟಾಗ ಒಬ್ಬರಿಗೊಬ್ಬರು ಆಗಿಬರುವುದಿಲ್ಲ.

ಲಿನಕ್ಸ್ ಪರೀಕ್ಷಿಸಿ ನೋಡುವುದಕ್ಕೆ ಈಗಿರುವ ಹಾರ್ಡ್‌ಡಿಸ್ಕನ್ನು ಅಳಿಸಬೇಕಾಗಿಲ್ಲ. ಉಬುಂಟು ಸ್ಟುಡಿಯೋವನ್ನು 16 ಜಿಬಿ ಪೆನ್‌ಡ್ರೈವ್‌ಗೆ ಬರೆದುಕೊಂಡು ಅದರಿಂದಲೇ ಕಂಪ್ಯೂಟರ್ ಶುರು ಮಾಡಿ. ನಿಮ್ಮ ಇಂಟರ್‌ಫೇಸ್ ಚುಚ್ಚಿ, ಎರಡು ಚಾನೆಲ್ಲೂ ಬರುತ್ತಿವೆಯಾ, 48 ವೋಲ್ಟ್ ಕೊಟ್ಟಾಗ ಕಂಡೆನ್ಸರ್ ಮೈಕ್ ಎದ್ದಿತಾ, 128ರ ಬಫರ್‌ನಲ್ಲಿ ಒಂದು ಪೂರ್ತಿ ಹಾಡು 'ಟಿಕ್' ಇಲ್ಲದೆ ಬಂತಾ, ಇಷ್ಟು ನೋಡಿಕೊಳ್ಳಿ. ಸರಿಹೋದರೆ ಸ್ವಲ್ಪ ದಿನ ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಇಟ್ಟುಕೊಂಡು, ಹೊಸ ಕೆಲಸ ಮಾತ್ರ ಇದರಲ್ಲಿ ಮಾಡಿ. ಹೀಗೆ ಎರಡನ್ನೂ ಇಟ್ಟುಕೊಳ್ಳುವ (ಡ್ಯೂಯಲ್ ಬೂಟ್) ಮೊದಲು ಹಾಡುಗಳ ಕಾಪಿ ಬೇರೆ ಡಿಸ್ಕಿಗೆ ಹೋಗಿರಲಿ. ಮುಗಿದ ಹಾಡನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಕಳಿಸಿಬಿಡಬಹುದು.

ವಿಂಡೋಸ್ ಅಳಿಸುವ ದಿನ ಬಂದರೆ, ಅದಕ್ಕೆ ಮೊದಲು ಹಳೇ ಕ್ಯೂಬೇಸ್, ನ್ಯೂಯೆಂಡೋ ಪ್ರಾಜೆಕ್ಟುಗಳನ್ನು ಒಂದೊಂದಾಗಿ ತೆರೆಯಿರಿ. ಪ್ರತಿ ಟ್ರ್ಯಾಕನ್ನೂ ಹಾಡಿನ ಮೊದಲ ಗಳಿಗೆಯಿಂದಲೇ ಶುರುವಾಗುವ ಹಾಗೆ ಬೇರೆ ಬೇರೆ ವೇವ್ ಫೈಲಾಗಿ ತೆಗೆದಿಡಿ. ಫೋಲ್ಡರಿಗೆ ಹಾಡಿನ ಹೆಸರು, ಹಾಡಿದವರು, ಶ್ರುತಿ, ತಾರೀಖು ಬರೆಯಿರಿ. ಪ್ರಾಜೆಕ್ಟ್ ಫೈಲ್ ಆ ಸಾಫ್ಟ್‌ವೇರ್ ಇದ್ದರೆ ಮಾತ್ರ ತೆರೆಯುತ್ತದೆ. ವೇವ್ ಫೈಲನ್ನು ಆರ್ಡರ್, ರೀಪರ್, ಆಡಾಸಿಟಿ, ಫೋನ್, ಯಾವುದೂ ಬೇಡ ಅನ್ನುವುದಿಲ್ಲ. ನೂರು ಹಾಡಿದ್ದರೆ ಇದು ಬೇಸರದ ಕೆಲಸ, ಒಂದೇ ದಿನಕ್ಕೆ ಆಗುವುದೂ ಇಲ್ಲ. ಮೊದಲು ಈಗ ಹಾಡಲಾಗದ ಹಿರಿಯರ ದನಿ ಇರುವ ಪ್ರಾಜೆಕ್ಟುಗಳನ್ನು ಆರಿಸಿಕೊಳ್ಳಿ. ಎಲೆಕ್ಷನ್ ಆಟೋ ಪ್ರಚಾರದ್ದು ಕೊನೆಗೆ ಮಾಡಿದರೂ ನಡೆಯುತ್ತದೆ.